ನೀರಿದ್ದಲ್ಲಿ ಬೀಡು

ಮಾಘಮಾಸ ಸಮೀಪಿಸುತ್ತಿದ್ದಂತೆ, ಗದ್ದೆಯ ಕೊಯ್ಲು ತೀರಿ, ಕಣದ ಒಕ್ಕಣೆಯೂ ತೀರಿ, ಭತ್ತವು ಪಣತವನ್ನು ಸೇರಿದ ಮೇಲೆ, ಶಿಕಾರಿಪುರ ಮತ್ತು ಸೊರಬದ ಸೀಮೆಯ ಹಳ್ಳಿಗಳಲ್ಲಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೀಳುವ ಕಾಲವೊಂದುಂಟು. ಎತ್ತಿನ ಗೊರಸಿಗೆ ಹೊಸ ಲಾಳ, ಕೊರಳಿಗೆ ಗೆಜ್ಜೆಸರ, ಕೋಡಿಗೆ ಕೋಡಣಸು. ಗಾಡಿಯ ಮೇಲೆ ಬಿದಿರ ದಬ್ಬೆಯ ಕಮಾನು, ಅದರ ಮೇಲೆ ಹಿಂದೆ ಚಾಪೆ, ಈಗ ತಾಡಪಾಲು. ಒಳಗೆ ಹುಲ್ಲಿನ ಹಾಸು, ಅದರ ಮೇಲೆ ಕಂಬಳಿ, ಮೂಲೆಯಲ್ಲಿ ರೊಟ್ಟಿಯ ಬುತ್ತಿ, ಹಿಂಬದಿಯಲ್ಲಿ ಎತ್ತಿನ ಹಿಂಡಿಯ ಚೀಲ. ತುಂಗಭದ್ರೆಯ ದಡದಲ್ಲಿ, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲ್ಲೂಕಿನಲ್ಲಿ ನೆಲೆಸಿರುವ ಮೈಲಾರಲಿಂಗನ ಭರತ ಹುಣ್ಣಿಮೆಯ ಜಾತ್ರೆಗೆ ಹೊರಡುವ ಒಕ್ಕಲುಗಳು, ಮನೆತನಕ್ಕೊಂದರಂತೆ ಗಾಡಿ ಹೂಡಿ, ಊರಿಂದೂರಿಗೆ ಸಾಲು ಬೆಳೆಸಿಕೊಳ್ಳುತ್ತ, ನೂರು ಕಿಲೋಮೀಟರಿಗೆ ಮಿಕ್ಕಿದ ಹಾದಿಯನ್ನು ಹಲವು ರಾತ್ರಿಗಳ ಬೀಡಿನಲ್ಲಿ ಕಳೆದು ಮುಟ್ಟುವ ಈ ಯಾತ್ರೆಯನ್ನು ಕಣ್ಣಾರೆ ಕಂಡವನಿಗೆ, ದಾರಿಯೆಂಬುದು ನಡೆದದ್ದರಿಂದ ಆದುದಕ್ಕಿಂತ ಹೆಚ್ಚಾಗಿ ನಿಂತದ್ದರಿಂದ ಆದುದು ಎಂಬ ಮಾತು ಒಪ್ಪಿಗೆಯಾಗದೆ ಇರದು.

ಜಡೆಯಿಂದ ಈ ಹಾದಿಯನ್ನು ಹಿಡಿಯುವುದು ಒಂದು ವಿಶೇಷ. ಸೊರಬ ತಾಲ್ಲೂಕಿನ ಹೋಬಳಿಯ ಊರಾದ ಜಡೆಯು, ಬನವಾಸಿ ಆನವಟ್ಟಿಗಳಿಗೆ ದೂರವಲ್ಲದೆ, ತನ್ನ ವೀರಶೈವ ಮಠದಿಂದಲೂ ಸುತ್ತಲಿನ ಕೆರೆಗಳಿಂದಲೂ ಆ ಸೀಮೆಯಲ್ಲೆಲ್ಲ ಪರಿಚಿತವಾದದ್ದು. ಅದು ಅಪ್ಪಟ ಮಲೆನಾಡೂ ಅಲ್ಲ, ಬಯಲೂ ಅಲ್ಲ, ಜನ ಅರೆಮಲೆನಾಡೆಂದು ಕರೆಯುವ ನೆಲ. ಅರಬ್ಬೀ ಸಮುದ್ರದಿಂದ ಮೇಲೆದ್ದ ಮೋಡವು ಸಹ್ಯಾದ್ರಿಯನ್ನೇರುವಾಗಲೇ ತನ್ನ ಭಾರದ ಬಹುಭಾಗವನ್ನು ಇಳಿಸಿಬಿಡುತ್ತದೆ. ಆಗುಂಬೆಯಂಥಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಆ ಮಳೆ, ಘಟ್ಟದ ತಲೆಯನ್ನು ದಾಟಿ ಪೂರ್ವಕ್ಕೆ ಸರಿದಂತೆ ಹರದಾರಿ ಹರದಾರಿಗೂ ಕ್ಷೀಣಿಸುತ್ತ, ಹಿರೇಕೆರೂರು, ರಟ್ಟೀಹಳ್ಳಿ, ರಾಣೆಬೆನ್ನೂರುಗಳನ್ನು ಮುಟ್ಟುವಷ್ಟರಲ್ಲಿ ರೈತನು ಆಕಾಶದ ಕಡೆಗೆ ನೋಡುವ ನೋಟವೇ ಬೇರೆಯಾಗುವಷ್ಟು ವಿರಳವಾಗುತ್ತದೆ. ಮೋಟಾರಿನಲ್ಲಿ ಕುಳಿತು ಸಾಗುವವನಿಗೆ ಇದು ಕಾಣುವುದಿಲ್ಲ. ಗಾಡಿಯವನಿಗೆ ದಿನದಿನವೂ ಕಾಣುತ್ತದೆ: ಮೊದಲು ಅಡಕೆ ತೋಟ ಹಿಂದಾಗುತ್ತದೆ, ಆಮೇಲೆ ಗದ್ದೆಯ ಕೂಳೆ ಹಿಂದಾಗಿ ಗೋವಿನಜೋಳದ ಹೊಲ ಬರುತ್ತದೆ, ಹಲಸು ಮಾವುಗಳು ಹೋಗಿ ಬೇವು ಜಾಲಿಗಳು ನಿಲ್ಲುತ್ತವೆ, ಕೆಂಪು ಮಣ್ಣು ಕಪ್ಪಾಗುತ್ತದೆ, ಹಂಚಿನ ಇಳಿಜಾರು ಹೋಗಿ ಮಣ್ಣಿನ ಮಾಳಿಗೆಯ ಮನೆ ಕಾಣಿಸಿಕೊಳ್ಳುತ್ತದೆ, ಅನ್ನದ ತಟ್ಟೆಗೆ ಜೋಳದ ರೊಟ್ಟಿ ಬಂದು ಕೂರುತ್ತದೆ. ಮಾಘದ ಬಿಸಿಲಿನಲ್ಲಿ ಆ ಕರಿನೆಲ ಒಡೆದು ಬಿರುಕು ಬಿಟ್ಟಿರುವಾಗ, ಕಣ್ಣಿಗೆ ತಡೆಯೇ ಇಲ್ಲದ ಆ ವಿಸ್ತಾರ, ಮಲೆನಾಡಿನ ಅಂಚಿನಿಂದ ಹೋದವನಿಗೆ ಮರುಭೂಮಿಯ ಅನುಭವವನ್ನೇ ಕೊಡುತ್ತದೆ.

ಮರುಭೂಮಿಯ ಸಾರ್ಥಗಳ ವೃತ್ತಾಂತವನ್ನು ನಾವು ಓದಿ ಬಲ್ಲೆವು. ಸಹಾರಾದ ತವುದೆನ್ನಿಯ ಉಪ್ಪಿನ ಹಲಗೆಗಳನ್ನು ಟಿಂಬಕ್ಟುವಿಗೆ ಹೊತ್ತು ತರುತ್ತಿದ್ದ ಒಂಟೆಗಳ ಸಾಲು ಸುಮಾರು 700 ಕಿಲೋಮೀಟರ್ ಮರಳನ್ನು ದಾಟುತ್ತಿತ್ತು. ಒಂದು ಬಾವಿಯಿಂದ ಇನ್ನೊಂದು ಬಾವಿಗೆ ದಿನಗಟ್ಟಲೆಯ ಅಂತರವಿದ್ದರೂ ಒಂಟೆ ಅದನ್ನು ಸಹಿಸಿಕೊಂಡೀತು. ಎತ್ತಿಗೆ ಆ ವರವಿಲ್ಲ. ದುಡಿಯುವ ಎತ್ತೊಂದಕ್ಕೆ ದಿನಕ್ಕೆ 30–40 ಲೀಟರು ನೀರು ಬೇಕು, ಅದಕ್ಕಿಂತ ಮುಖ್ಯವಾಗಿ ತಿಂದುದನ್ನು ಮೆಲುಕು ಹಾಕಲು ಆರೆಂಟು ತಾಸಿನ ನೆಮ್ಮದಿ ಬೇಕು. ಮೆಲುಕಿಗೆ ಅವಕಾಶ ಕೊಡದೆ ಹೊಡೆದ ಎತ್ತು ಮೂರನೆಯ ದಿನ ನೊಗಕ್ಕೆ ಹೆಗಲು ಕೊಡದು. ಆದುದರಿಂದ ನಮ್ಮ ನಾಡಿನ ದಾರಿಗಳನ್ನೆಲ್ಲ ಅಳೆದವನು ಸರ್ವೆಯ ಸರಪಣಿ ಹಿಡಿದ ಅಧಿಕಾರಿಯಲ್ಲ, ಎತ್ತು. ಕೋಳಿ ಕೂಗುವುದಕ್ಕೆ ಮೊದಲೇ ಹೂಡುವುದು, ಬಿಸಿಲೇರುವ ಹೊತ್ತಿಗೆ ಕೆರೆಯೊಂದರ ಏರಿಯ ಕೆಳಗೆ ಕೊರಳು ಬಿಚ್ಚುವುದು, ಹೊತ್ತು ಇಳಿದ ಮೇಲೆ ಮತ್ತೆ ಹೂಡಿ ದೀಪ ಹಚ್ಚುವ ಹೊತ್ತಿಗೆ ರಾತ್ರಿಯ ಬೀಡನ್ನು ಮುಟ್ಟುವುದು. ತಾಸಿಗೆ ಮೂರು ನಾಲ್ಕು ಕಿಲೋಮೀಟರಿನ ಈ ನಡೆಯಲ್ಲಿ ದಿನವೊಂದಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಸಾಗಿದರೆ ಅದೇ ದೊಡ್ಡದು. ಹಳೆಯ ಸಂತೆಯ ಊರುಗಳೂ ಕೆರೆಗಳೂ ಛತ್ರಗಳೂ ಹೆಚ್ಚುಕಡಿಮೆ ಈ ಅಳತೆಯಲ್ಲೇ ಬಿದ್ದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಬೀಡಿನ ಕ್ರಮವನ್ನು ಸಮೀಪದಿಂದ ನೋಡಬೇಕು. ಮುಂದಿನ ಗಾಡಿ ನಿಂತ ಕೂಡಲೆ ಹಿಂದಿನವು ಒಂದೊಂದಾಗಿ ಪಕ್ಕಕ್ಕೆ ತಿರುಗಿ, ಹೊಲದ ಬದುವಿಗೆ ಬೆನ್ನು ಮಾಡಿ ನಿಲ್ಲುತ್ತವೆ. ನೊಗ ಇಳಿಯುತ್ತದೆ, ಮೂಕಿಯ ಕೆಳಗೆ ಆನಿಕೆಯ ಕೋಲು ಬರುತ್ತದೆ. ಹೆಂಗಸರು ಮೂರು ಕಲ್ಲು ಹುಡುಕಿ ಒಲೆ ಹೂಡುವುದಕ್ಕೆ ಮೊದಲೇ ಗಂಡಸರು ಎತ್ತುಗಳನ್ನು ನೀರಿಗೆ ಹಿಡಿದುಕೊಂಡು ಹೋಗಿರುತ್ತಾರೆ. ನೀರಿನಿಂದ ಬಂದ ಎತ್ತನ್ನು ಚಕ್ರಕ್ಕೆ ಕಟ್ಟಿ, ಕಂದೀಲು ಹಿಡಿದು, ನಾಲ್ಕು ಗೊರಸನ್ನೂ ಎತ್ತಿ ನೋಡುವುದು ತಪ್ಪದ ಕೆಲಸ: ಸೀಳಿನಲ್ಲಿ ಜಾಲಿಯ ಮುಳ್ಳು ಸಿಕ್ಕಿದೆಯೆ, ಲಾಳದ ಮೊಳೆ ಅಲ್ಲಾಡುತ್ತಿದೆಯೆ. ಆಮೇಲೆ ಅಂಗೈಯನ್ನು ಹೆಗಲ ಮೇಲೆ ಒತ್ತಿ ಸವರಿ, ನೊಗ ಕೂರುವ ಜಾಗ ಬಿಸಿಯಾಗಿದೆಯೆ, ಬಾತಿದೆಯೆ ಎಂದು ಪರೀಕ್ಷಿಸುವುದು. ಬಾತಿದ್ದರೆ ಅರಿಸಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚುವುದು. ಇಷ್ಟೆಲ್ಲ ಆಗುವವರೆಗೆ ಗಾಡಿಯ ಯಜಮಾನ ಕೂರುವುದಿಲ್ಲ. ಹಿರಿಯ ಗಾಡಿಕಾರನೊಬ್ಬನಿಗೆ ನಾನು ಚೊಂಬಿನ ನೀರು ಕೊಡಹೋದಾಗ ಆತ ಕೈಯಿಂದಲೇ ತಡೆದು, “ತಡಿ ತಮ್ಮಾ, ಎತ್ತು ಇನ್ನಾ ಬಾಯಿ ಇಟ್ಟಿಲ್ಲ, ನಂದೇನು ಅವಸರ?” ಎಂದನು. ಉಪದೇಶವಾಗಿ ಹೇಳಿದ ಮಾತಲ್ಲ ಅದು; ದಿನವೂ ನಡೆಯುವ ಪದ್ಧತಿಯನ್ನು ತಿಳಿಯದವನಿಗೆ ತಿಳಿಸಿದ ರೀತಿ.

ಒಲೆ ಹೊತ್ತಿದ ಮೇಲೆ ಬೀಡು ಊರಾಗುತ್ತದೆ. ಬುತ್ತಿಯಲ್ಲಿರುವುದು ಬಹಳ ದಿನ ಕೆಡದ ಪದಾರ್ಥ: ಎಳ್ಳು ಹಚ್ಚಿ ಬಡಿದು ಒಣಗಿಸಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಪುಡಿ, ಅವಲಕ್ಕಿ, ಆದರೆ ರಾತ್ರಿಗೆ ಬಿಸಿಯಾದದ್ದೊಂದು ಬೇಕೆಂದು ಅನ್ನ ಸಾರುಗಳಾದರೂ ಬೇಯುತ್ತವೆ, ಒಂದು ಗಾಡಿಯ ಸಾರು ನಾಲ್ಕು ಗಾಡಿಗೆ ಹಂಚಿಹೋಗುತ್ತದೆ. ಮುದುಕರು ಕಮಾನಿನೊಳಗೆ, ಹುಡುಗರು ಗಾಡಿಯ ಕೆಳಗೆ, ಉಳಿದವರು ಬಯಲಿನಲ್ಲಿ. ಮಾಘದ ಚಳಿಗೆ ಕಂಬಳಿಯನ್ನು ಮುಸುಕೆಳೆದು ಮಲಗಿದಾಗ, ಹತ್ತಾರು ಜೊತೆ ಎತ್ತುಗಳು ಒಟ್ಟಿಗೆ ಮೆಲುಕು ಹಾಕುವ ಶಬ್ದ, ನಡುನಡುವೆ ತಲೆಯಾಡಿಸಿದಾಗಿನ ಗೆಜ್ಜೆಯ ಶಬ್ದ ಕಿವಿಗೆ ಬೀಳುತ್ತಿರುತ್ತದೆ. ಅಪರಾತ್ರಿಯಲ್ಲಿ ಯಾರಾದರೊಬ್ಬರು ಎದ್ದು ಹುಲ್ಲು ಹಾಕುವುದುಂಟು; ಆ ಸರದಿಯನ್ನು ಯಾರೂ ಗೊತ್ತುಮಾಡಿರುವುದಿಲ್ಲ, ಆದರೆ ತಪ್ಪಿದ್ದನ್ನು ನಾನು ಕಾಣೆ.

ಈ ಸೀಮೆಗೆ ಸಾರ್ಥಗಳು ಹೊಸವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಈಗ ಕಂಡವರು ಕೇದಾರೇಶ್ವರ ತ್ರಿಪುರಾಂತಕೇಶ್ವರ ಗುಡಿಗಳ ಕೆತ್ತನೆಯನ್ನು ಮೆಚ್ಚಿ ಹಿಂದಿರುಗುತ್ತಾರೆ. ಆದರೆ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ಪನ್ನಿರ್ಛಾಸಿರವೆಂಬ ಪ್ರಾಂತದ ರಾಜಧಾನಿ, ದೂರದೇಶದ ವರ್ತಕರು ಬಂದಿಳಿಯುತ್ತಿದ್ದ ಪಟ್ಟಣ. ಅಯ್ಯಾವೊಳೆ ಐನೂರ್ವರೆಂಬ ಮಹಾ ವರ್ತಕಸಂಘದ ಪ್ರಶಸ್ತಿಯುಳ್ಳ ಸುಮಾರು 1054ರ ಶಾಸನ ಈ ತಾಲ್ಲೂಕಿನದೇ. ಚೇರ ಚೋಳ ಪಾಂಡ್ಯಗಳಿಂದ ಮಗಧ ಕೋಸಲ ಸೌರಾಷ್ಟ್ರಗಳವರೆಗೆ, ಕಾಂಭೋಜ ಪಾರಸಗಳವರೆಗೆ ತಾವು ಸಂಚರಿಸುವುದನ್ನೂ, ನೆಲದ ದಾರಿ ನೀರಿನ ದಾರಿಗಳೆರಡನ್ನೂ ತುಳಿಯುವುದನ್ನೂ, ಆನೆ ಕುದುರೆ ರತ್ನಗಳಿಂದ ಹಿಡಿದು ಏಲಕ್ಕಿ ಲವಂಗ ಚಂದನ ಕರ್ಪೂರ ಕಸ್ತೂರಿಗಳವರೆಗಿನ ಸರಕನ್ನು, ಸಗಟಾಗಿಯೂ ಹೆಗಲ ಮೇಲೆ ಹೊತ್ತು ಬಿಡಿಯಾಗಿಯೂ ಮಾರುವುದನ್ನೂ ಆ ವರ್ತಕರು ಕಲ್ಲಿನಲ್ಲಿ ಹೇಳಿಸಿಕೊಂಡಿದ್ದಾರೆ. ಹೆಮ್ಮೆಯ ಅತಿಶಯೋಕ್ತಿ ಅದರಲ್ಲಿ ಧಾರಾಳವಾಗಿದೆ. ಇದ್ದರೂ ಆ ಸೊಕ್ಕು ನನಗೆ ಪ್ರಿಯವಾದದ್ದು, ಏಕೆಂದರೆ ಅದು ದಾರಿಯ ಧೂಳನ್ನು ಕುಡಿದವರ ಸೊಕ್ಕು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ವೇದ ವ್ಯಾಕರಣ ದರ್ಶನಗಳ ಪಾಠದ ಜೊತೆಗೆ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಬಾಜಿಸುವವರಿಗೆ, ನಾನಾ ದೇಶದಿಂದ ಬಂದ ಭಿಕ್ಷುಕರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಅದು ಹೇಳುತ್ತದೆ. ಸಾರ್ಥವು ಚಲಿಸುವುದಕ್ಕೆ ವರ್ತಕನ ಸಾಹಸವೊಂದೇ ಸಾಲದು. ದಾರಿಯ ಕೊನೆಯಲ್ಲಿ, ಬಂದವನು ಯಾರೆಂದು ಕೇಳದೆ ಎಲೆ ಹಾಕುವವರಿರಬೇಕು.

ಆ ವರ್ತಕಸಂಘಗಳು ಮರೆಯಾದ ಬಳಿಕ ಈ ನೆಲದ ಸಾರ್ಥವಾಹರಾದವರು ಲಂಬಾಣಿಗರು. ಶಿಕಾರಿಪುರ ಸೊರಬಗಳ ತಾಂಡಾಗಳಲ್ಲಿ ಇಂದು ಹೊಲ ಗೇಯ್ದುಕೊಂಡಿರುವ ಈ ಜನರ ಪೂರ್ವಿಕರು, ಹೇರೆತ್ತುಗಳ ಬೆನ್ನಿನ ಎರಡು ಮಗ್ಗುಲಿಗೆ ಗೋಣಿಯನ್ನು ಇಳಿಬಿಟ್ಟು, ಸಂಸಾರಸಮೇತರಾಗಿ ಈ ದೇಶದ ಉದ್ದಗಲವನ್ನು ತುಳಿದವರು. 1632ರಲ್ಲಿ ಪೀಟರ್ ಮಂಡಿಯೆಂಬ ಆಂಗ್ಲ ಯಾತ್ರಿಕನು ಉತ್ತರ ದೇಶದಲ್ಲಿ ಎದುರುಗೊಂಡ ತಾಂಡಾವೊಂದರಲ್ಲಿ 14000 ಎತ್ತುಗಳಿದ್ದುವು. ಅದೇ ಶತಮಾನದ ಫ್ರೆಂಚ್ ರತ್ನವರ್ತಕ ತವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಇಕ್ಕಟ್ಟಿನ ದಾರಿಯಲ್ಲಿ ಎದುರಾದರೆ ಅದು ಹಾದುಹೋಗುವವರೆಗೆ ಎರಡು ಮೂರು ದಿನವಾದರೂ ಕಾಯಬೇಕಾದೀತೆಂದು ಬರೆದಿದ್ದಾನೆ. ಸೈನ್ಯಗಳು ಇವರನ್ನು ನಂಬಿಯೇ ದಂಡೆತ್ತಿ ಹೋಗುತ್ತಿದ್ದುವು. 1791–92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಏರಿಬಂದಾಗಲೂ ಅವನ ದಂಡಿಗೆ ಧಾನ್ಯ ಒದಗಿಸಿದವರಲ್ಲಿ ಇವರಿದ್ದರು. ಯುದ್ಧವಿಲ್ಲದ ಕಾಲದಲ್ಲಿ ಇವರ ಮುಖ್ಯ ಸರಕು ಉಪ್ಪು. ಗೋಕರ್ಣದ ಸಮೀಪದ ಸಾಣಿಕಟ್ಟೆಯಂಥ ಕಡಲ ತಡಿಯ ಗದ್ದೆಗಳ ಉಪ್ಪು ಘಟ್ಟವನ್ನೇರಿ ಬಯಲುಸೀಮೆಯನ್ನು ಸೇರಿದ್ದು, ಮೇಲಿನ ಸೀಮೆಯ ಧಾನ್ಯ ಘಟ್ಟವನ್ನಿಳಿದದ್ದು ಈ ಎತ್ತುಗಳ ಬೆನ್ನ ಮೇಲೆ. ಇವರ ಬೀಡಿನ ರೀತಿಯೂ ನೋಡತಕ್ಕದ್ದಾಗಿತ್ತು: ಇಳಿಸಿದ ಗೋಣಿಗಳನ್ನೇ ಒಂದರ ಮೇಲೊಂದಿಟ್ಟು ಗೋಡೆ ಕಟ್ಟಿ, ಅದರ ಒಳಗೆ ಸಂಸಾರ, ಹೊರಗೆ ನಾಯಿಗಳ ಕಾವಲು.

ಈ ಬದುಕು ಉಳಿಯಲಿಲ್ಲ. ಘಟ್ಟಗಳಲ್ಲಿ ಗಾಡಿಯ ರಸ್ತೆಗಳಾದುವು, ಹತ್ತೊಂಬತ್ತನೆಯ ಶತಮಾನ ಮುಗಿಯುವುದಕ್ಕೆ ಮುನ್ನ ರೈಲು ಹರಿಹರಕ್ಕೂ ಶಿವಮೊಗ್ಗಕ್ಕೂ ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಒಂದು ಇಡೀ ಜನಾಂಗದ ಕಸುಬು ಎರಡು ಮೂರು ತಲೆಮಾರುಗಳೊಳಗೆ ಕೈಬಿಟ್ಟುಹೋಯಿತು. ಅದು ಸಾಲದೆಂಬಂತೆ, ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಭಾವಿಸಿದ 1871ರ ಕಾಯಿದೆಯ ಪಟ್ಟಿಗೆ ಹಲವು ಪ್ರಾಂತಗಳಲ್ಲಿ ಇವರನ್ನೂ ಸೇರಿಸಲಾಯಿತು; ಅದು ರದ್ದಾದದ್ದು 1952ರಲ್ಲಿ. ದಂಡಿಗೆ ಅನ್ನವಿಟ್ಟವರನ್ನು ಕಳ್ಳರೆಂದು ಬರೆದುಕೊಂಡ ಆ ಕೃತಘ್ನತೆಯನ್ನು ನೆನೆದರೆ ನನ್ನ ಮನಸ್ಸು ಇಂದಿಗೂ ಕುದಿಯುತ್ತದೆ. ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಸ್ಥಳವೆಂದು ಲಂಬಾಣಿಗರು ಪೂಜಿಸುವ ಸೂರಗೊಂಡನಕೊಪ್ಪವು ಶಿಕಾರಿಪುರದ ಪೂರ್ವಕ್ಕೆ, ನ್ಯಾಮತಿ ತಾಲ್ಲೂಕಿನಲ್ಲಿದೆ; ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಮಾಲೆ ಧರಿಸಿದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಮೈಲಾರದ ಗಾಡಿಗಳೂ ಸೇವಾಲಾಲರ ಪಾದಯಾತ್ರಿಗಳೂ ವರ್ಷದ ಒಂದೇ ಋತುವಿನಲ್ಲಿ ಈ ಸೀಮೆಯ ರಸ್ತೆಗಳಲ್ಲಿರುವುದು, ಬೆಳೆ ಕೈಸೇರಿದ ನಂತರ ಮನುಷ್ಯನಿಗೆ ಹೊರಡಬೇಕೆನಿಸುವ ಕಾಲ ಎಲ್ಲರಿಗೂ ಒಂದೇ ಎಂಬುದರಿಂದಲೇ ಇರಬೇಕು.

ಮತ್ತೆ ಗಾಡಿಯ ದಾರಿಗೆ ಬರೋಣ. ಹುಂಚದ ಕಡೆ ಹುಟ್ಟಿ ಶಿಕಾರಿಪುರವನ್ನು ಬಳಸಿ ಬರುವ ಕುಮುದ್ವತಿಯು ರಟ್ಟೀಹಳ್ಳಿಯ ಬದಿಯಲ್ಲಿ ಹರಿದು, ಮುದೇನೂರಿನ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಾಘದಲ್ಲಿ ಅದು ಹೊಳೆಯೆನ್ನುವುದಕ್ಕಿಂತ ಮರಳ ನಡುವಿನ ಮಡುಗಳ ಸಾಲೆನ್ನುವುದೇ ಸರಿ, ಆದರೂ ಎತ್ತಿಗೆ ಮೈತೊಳೆಯಲು ಸಾಕು. ದಾರಿಗೆ ಹೊಂದಿಕೊಂಡ ಮಾಸೂರು, ಅಬಲೂರುಗಳು ಸರ್ವಜ್ಞನ ಜನ್ಮಸ್ಥಳವೆಂದು ಪ್ರತೀತಿಯಿರುವ ಊರುಗಳು. ಮನೆಯಿಲ್ಲದೆ ತಿರುಗಿದ ಕವಿ ಇಂಥ ದಾರಿಯ ಊರಿನವನಾದದ್ದು ಎಷ್ಟು ಉಚಿತ! ಅಲ್ಲಿಂದ ಮುಂದೆ ರಾಣೆಬೆನ್ನೂರು. ಆ ಪಟ್ಟಣದ ಆಸುಪಾಸಿನ ಕುರುಚಲು ಕಾಡು, ಕೃಷ್ಣಮೃಗಗಳಿಗಾಗಿ 1974ರಲ್ಲಿ ರಕ್ಷಿತವೆಂದು ಘೋಷಿತವಾದ, 119 ಚದರ ಕಿಲೋಮೀಟರಿನ ಅಭಯಾರಣ್ಯ. ಜಾಲಿ, ಕಾರೆ, ಒಣಹುಲ್ಲುಗಳ ನಡುವೆ, ಬೆಳಗಿನ ಜಾವದ ಗಾಡಿಯ ಗೆಜ್ಜೆಗೆ ಕಿವಿ ನಿಮಿರಿಸಿ ನಿಲ್ಲುವ ಮೃಗದ ತಿರುಚುಗೋಡನ್ನು ಕಂಡವರುಂಟು. ಇಂಥ ನೆಲದಲ್ಲಿ ಬೀಡಿಗೆ ಜಾಗ ಹುಡುಕುವುದು ಮಲೆನಾಡಿನಲ್ಲಿದ್ದಷ್ಟು ಸುಲಭವಲ್ಲ. ಆದುದರಿಂದಲೇ ಇಲ್ಲಿ ಮನುಷ್ಯರ ಸಹಾಯ ಹೆಚ್ಚಾಗುತ್ತದೆ. ದಾರಿಯ ಹಳ್ಳಿಯವರು ತಮ್ಮ ಊರಿನ ಮೇಲೆ ಹಾದುಹೋಗುವ ಗಾಡಿಗಳಿಗೆ ಮೇವು ತಂದು ಹಾಕುವುದು, ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಡುವುದು, ಕೊಳವೆಬಾವಿಯ ಪೈಪನ್ನು ಎತ್ತುಗಳ ಬಾನಿಗೆ ತಿರುಗಿಸುವುದು, ಕೊಯ್ದು ಖಾಲಿಯಾದ ಹೊಲವನ್ನು ರಾತ್ರಿಗೆ ಬಿಟ್ಟುಕೊಡುವುದು ಇವೆಲ್ಲ ಮೈಲಾರಲಿಂಗನ ಸೇವೆಯೆಂದೇ ನಡೆಯುತ್ತವೆ. ಗಾಡಿಯವನು ಬದಲಿಗೆ ಬಿಟ್ಟುಹೋಗುವುದು ಹೊಲಕ್ಕೆ ಬಿದ್ದ ಗೊಬ್ಬರವನ್ನು. ಹೊಲದ ಒಡೆಯನಿಗೂ ಅದು ಗೊತ್ತು.

ಮೈಲಾರದಲ್ಲಿ ಏನು ನಡೆಯುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಭಂಡಾರದ ಹಳದಿ, ಕಂಬಳಿ ಹೊದೆದು ಡಮರು ನುಡಿಸುವ ಗೊರವರು, “ಏಳುಕೋಟಿ”ಯ ಉದ್ಘೋಷ, ದೋಣಿ ತುಂಬಿಸುವ ಸೇವೆ. ಕೊನೆಗೆ ಡೆಂಕನ ಮರಡಿಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ, ಲಕ್ಷಾಂತರ ಕಂಠಗಳು ಒಮ್ಮೆಗೇ ಸುಮ್ಮನಾಗಿ, ಅವನ ಬಾಯಿಂದ ಬಿದ್ದ ಒಂದು ಸಾಲಿನ ಕಾರ್ಣಿಕವನ್ನು ಮಳೆಯ ಬಗೆಗೋ ಬೆಳೆಯ ಬಗೆಗೋ ಅರಸರ ಬಗೆಗೋ ಅರ್ಥಮಾಡಿಕೊಳ್ಳಲು ತೊಡಗುವುವು. ಆ ಒಂದು ಸಾಲನ್ನು ದೂರದರ್ಶನವು ಕ್ಷಣಮಾತ್ರದಲ್ಲಿ ಮನೆಮನೆಗೆ ಮುಟ್ಟಿಸುತ್ತದೆ. ಅಷ್ಟಾದರೂ ಅದನ್ನು ಕೇಳಲು ರಾತ್ರಿಗಳನ್ನು ಬಯಲಲ್ಲಿ ಕಳೆದು ಬರುವವರಿದ್ದಾರೆಂದರೆ, ಅವರು ಬರುವುದು ಆ ಸಾಲಿಗಾಗಿ ಮಾತ್ರವಲ್ಲ. ಹರಕೆಯ ಬಹುಪಾಲು ದಾರಿಯಲ್ಲೇ ಸಲ್ಲಿಕೆಯಾಗಿರುತ್ತದೆ.

ಗಾಡಿಗಳು ಕಡಿಮೆಯಾಗುತ್ತಿವೆ, ಟ್ರ್ಯಾಕ್ಟರುಗಳು ಹೆಚ್ಚುತ್ತಿವೆ. ಎತ್ತಿನ ಜೊತೆಯೊಂದನ್ನು ವರ್ಷವಿಡೀ ಸಾಕುವ ಖರ್ಚನ್ನು ಬಲ್ಲ ಯಾರೂ ಇದಕ್ಕಾಗಿ ರೈತನನ್ನು ದೂರಲಾರರು, ನಾನೂ ದೂರುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋದ ಅಜ್ಜಿಯ ಭಕ್ತಿ ಗಾಡಿಯಲ್ಲಿ ಹೋದವಳ ಭಕ್ತಿಗಿಂತ ಕಡಿಮೆಯದಲ್ಲ. ನನ್ನ ಕಳವಳವಿರುವುದು ಬೇರೆಡೆ. ಎತ್ತಿಗಾಗಿ ಉಂಟಾದ ಬೀಡುಗಳು, ಅಂದರೆ ಊರ ಹೊರಗಿನ ಗುಂಡುತೋಪು, ಗೋಮಾಳ, ಕೆರೆಯಂಗಳ, ಕಲ್ಲುಬಾನಿ, ಹೊರೆ ಇಳಿಸುವ ಹೊರೆಗಲ್ಲು ಇವು ಎತ್ತಿನೊಡನೆಯೇ ಹೋಗುತ್ತಿವೆ. ಊರ ದನಗಳಿಗೆ ಹುಲ್ಲುಗಾವಲನ್ನು ಕಾದಿರಿಸುವ ಅವಕಾಶ 1964ರ ಭೂಕಂದಾಯ ಕಾಯಿದೆಯಲ್ಲಿ ಇದ್ದೇ ಇದೆ. ಕಾಗದದ ಮೇಲೆ ಗೋಮಾಳವಾಗಿರುವ ಎಷ್ಟೋ ನೆಲ ನೋಡಹೋದರೆ ತೋಟವಾಗಿದೆ, ನಿವೇಶನವಾಗಿದೆ. ತೋಪಿನ ಮಾವು ಹುಣಿಸೆಗಳು ರಸ್ತೆ ಅಗಲವಾದಾಗ ಬಿದ್ದುವು. ರಾಣೆಬೆನ್ನೂರಿನ ಬಳಿ ಗಾಡಿಗಳ ಸಾಲು ಪುಣೆ–ಬೆಂಗಳೂರು ಹೆದ್ದಾರಿಯನ್ನು ಸಂಧಿಸುವಾಗ, ಲಾರಿಗಳ ದೀಪಕ್ಕೆ ಕಣ್ಣು ಕೋರೈಸಿ ಬೆದರುವ ಎತ್ತನ್ನು ಮೂಗುದಾರ ಹಿಡಿದು ಸಮಾಧಾನಪಡಿಸುತ್ತ ನಿಂತ ಹುಡುಗರನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಗಾಡಿಯ ಹಿಂಬದಿಗೆ ಬೆಳಕನ್ನು ಹೊಮ್ಮಿಸುವ ಕೆಂಪು ಪಟ್ಟಿ ಅಂಟಿಸುವುದು, ಜಾತ್ರೆಯ ವಾರದಲ್ಲಿ ಇಂಥ ಕೂಡುರಸ್ತೆಗಳಲ್ಲಿ ರಾತ್ರಿ ಪೊಲೀಸರನ್ನು ನಿಲ್ಲಿಸುವುದು, ದಾರಿಯ ಪಂಚಾಯಿತಿಗಳು ತಂತಮ್ಮ ಎಲ್ಲೆಯಲ್ಲಿ ಉಳಿದಿರುವ ಒಂದೊಂದು ಬೀಡನ್ನಾದರೂ ಅಳೆದು ಕಲ್ಲು ನೆಟ್ಟು ನೀರಿನ ತೊಟ್ಟಿ ಕಟ್ಟಿಸುವುದು ಇವು ಹೆಚ್ಚು ಹಣ ಬೇಡುವ ಕೆಲಸಗಳಲ್ಲ. ಬೀಡಿದ್ದರೆ ಗಾಡಿ ಬಂದೀತು; ಗಾಡಿ ಬರದಿದ್ದರೂ ಕುರಿಗಾರರು ಬಂದಾರು, ಪಾದಯಾತ್ರಿಗಳು ಬಂದಾರು, ಆ ಊರಿನ ದನಗಳಾದರೂ ನೀರು ಕುಡಿದಾವು.

ಜಾತ್ರೆ ಮುಗಿದ ಮೇಲೆ ಗಾಡಿಗಳು ಬರಿದಾಗಿ ಹಿಂದಿರುಗುವುದಿಲ್ಲ. ಅರೆಮಲೆನಾಡಿನವರು ಬಯಲಿನಲ್ಲಿ ಕೊಳ್ಳುವುದು ಬಹಳವಿದೆ: ಕುರುಬರು ನೇಯ್ದ ಕಂಬಳಿ, ವರ್ಷಕ್ಕಾಗುವಷ್ಟು ಜೋಳ, ಈರುಳ್ಳಿ, ಸುತ್ತುದಾರಿಯಾದರೂ ಬ್ಯಾಡಗಿಯ ಮೆಣಸಿನಕಾಯಿ. ಹೋಗುವಾಗ ಮಕ್ಕಳು ಮಲಗಿದ್ದ ಜಾಗದಲ್ಲಿ ಈಗ ಚೀಲಗಳಿರುತ್ತವೆ, ಮಕ್ಕಳು ಚೀಲಗಳ ಮೇಲಿರುತ್ತಾರೆ. ಹೆಂಗಸರು ಮೆಣಸಿನಕಾಯಿಯ ಬೆಲೆಯನ್ನು ಹಿಂದಿನ ವರ್ಷದ ಬೆಲೆಯೊಡನೆ ತೂಗಿ ನೋಡುತ್ತ, ಗಂಡಸರು ಕಾರ್ಣಿಕದ ಅರ್ಥವನ್ನು ಎಳೆದಾಡುತ್ತ, ಹೋಗುವಾಗ ಇಳಿದಿದ್ದ ಅದೇ ಹೊಲದ ಒಡೆಯನ ಮನೆಗೆ ಹಿಡಿ ಭಂಡಾರವನ್ನೂ ಮಂಡಕ್ಕಿ ಬೆಂಡುಬತ್ತಾಸನ್ನೂ ಕೊಟ್ಟು ಬರುತ್ತಾರೆ. ಬರುವ ವರ್ಷ ಅಲ್ಲಿ ಕಡಲೆ ಬಿತ್ತುವನೋ ಜೋಳವೋ, ಭರತ ಹುಣ್ಣಿಮೆಯ ಹೊತ್ತಿಗೆ ಹೊಲ ಖಾಲಿಯಿರುವುದೋ ಇಲ್ಲವೋ ಎಂಬುದನ್ನು ಅವನ ಬಾಯಿಂದಲೇ ಕೇಳಿಕೊಂಡು ನೊಗಕ್ಕೆ ಎತ್ತನ್ನು ಹೂಡುತ್ತಾರೆ.